ಬಾವಿ ತಿರುವಿನಲ್ಲಿ ಆರುತ್ತಿದ್ದ ದೀಪ

ಸೈಕಲ್ ದೀಪಕ್ಕೆ ನಾನು ಕೂಡಿಸಿದ ವಾಯರ್ ಕೆಡಲು ಸಾಧ್ಯವೇ ಇಲ್ಲ ಎಂದು ನಂಬಿದವನು ನನ್ನ ಕಾಕಾ. ಕೆಟ್ಟಿತ್ತು. ಎರಡನೆಯ ಸಲ ಅದನ್ನು ಕೆಡಿಸಿದವನು ನಾನೇ — ಬೇಕೆಂದೇ.

ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವನು ಅಪ್ಪನ ತಮ್ಮನಾದ ಈ ಕಾಕಾ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡಿ, ಕತ್ತಲಾಗುವ ಹೊತ್ತಿಗೆ ಸೈಕಲ್ ತುಳಿದು ಊರಿಗೆ ಬರುತ್ತಿದ್ದ. ಊರ ಹೊರಗೆ ಒಂದು ಬಾವಿ. ದಾರಿ ಅಲ್ಲಿ ಗಕ್ಕನೆ ಎಡಕ್ಕೆ ಹೊರಳುತ್ತದೆ. ಅವನ ಹೆಂಡತಿ, ನನ್ನ ಕಾಕಿ, ನೀರು ಸೇದಲು ಹೋಗಿ, ಕಾಲು ಜಾರಿ ತೀರಿಕೊಂಡದ್ದು ಅದೇ ಬಾವಿಯಲ್ಲಿ.

ನಾನು ರಾಣೇಬೆನ್ನೂರಿನ ಕಾಲೇಜಿಗೆ ಸೇರಿದ ವರ್ಷ ಆ ಸೈಕಲ್ಲಿಗೆ ಡೈನಮೋ ಕೂಡಿಸಿದೆ. ಹಿಂದಿನ ಗಾಲಿಯಿಂದ ಮುಂದಿನ ದೀಪದವರೆಗೆ ವಾಯರನ್ನು ಪೈಪಿನ ಅಡಿಯಲ್ಲಿ ಎಳೆದು, ಕರಿ ಟೇಪು ಸುತ್ತಿ, ಮೇಲೆ ಕರಿ ಬಣ್ಣ ಬಳಿದೆ. ಎಲ್ಲೂ ಕಾಣಬಾರದೆಂಬ ಹಟ. ಕಾಕಾ ಬಗ್ಗಿ ಬಗ್ಗಿ ನೋಡಿದ.

"ವಾಯರ್ ಎಲ್ಲೈತೋ ಮಾರಾಯಾ? ಗಾಳಿ ಕುಡದ ಉರಿತೈತೇನ ಇದು?"

ಹ್ಯಾಂಡಲ್ ಬಳಿ ವಾಯರನ್ನು ಸಡಿಲ ಬಿಡಬೇಕಿತ್ತು. ಅಂದಕ್ಕಾಗಿ ಬಿಗಿದಿದ್ದೆ. ಕೆಲವು ದಿನಗಳಲ್ಲಿ ಒಳಗಿನ ತಂತಿ ತುಂಡಾಯಿತು. ಮೇಲಿನ ರಬ್ಬರ್ ಹಾಗೇ ಉಳಿಯಿತು. ನೇರ ಹೋಗುವಾಗ ತುದಿಗಳು ತಾಕಿ ದೀಪ ಉರಿಯುತ್ತಿತ್ತು. ಹ್ಯಾಂಡಲ್ ಪೂರ್ತಿ ಹೊರಳುವ ಬಾವಿ ತಿರುವಿನಲ್ಲಿ ಆರುತ್ತಿತ್ತು. ತಿರುವು ದಾಟಿದರೆ — ತಾನೇ ಹೊತ್ತಿಕೊಳ್ಳುತ್ತಿತ್ತು.

ಆಗ ಕಾಕಾನಿಗೆ ಗುತ್ತಲದಿಂದ ಎರಡನೆಯ ಮದುವೆಗೆ ಸಂಬಂಧ ಬಂದಿತ್ತು. ಆ ಹೆಂಗಸೂ ಗಂಡನನ್ನು ಕಳೆದುಕೊಂಡವಳು. ಜೊತೆಗೆ ಒಂದು ಮಗು.

"ಬ್ಯಾಡಂತ ಹೇಳಿ ಕಳಸಬೇಕು," ಎಂದ ಕಾಕಾ. "ನಿಮ್ಮ ಕಾಕಿ ಒಲ್ಲೆ ಅಂತಾಳ. ಬಾವಿ ಹಂತ್ಯಾಕ ದೀಪಾ ಆರಸ್ತಾಳ."

"ವಾಯರ್ ನೋಡ್ತೀನಿ ತಡಿ ಕಾಕಾ."

"ಕಲಿತಾವ ಕೂಡಿಸಿದ್ದು ಹೆಂಗ ಕೆಡತೈತಿ? ಸಾಧ್ಯನ ಇಲ್ಲ."

ಅವನು ಮನೆಯಲ್ಲಿಲ್ಲದಾಗ ಟೇಪು ಬಿಚ್ಚಿ, ತಂತಿ ತುಂಡಾಗಿದ್ದನ್ನು ಕಂಡೆ. ತುದಿಗಳನ್ನು ಗಂಟು ಹಾಕಿ ಸರಿಮಾಡಿದೆ. ನಾಚಿಕೆಗೆ ಹೇಳಲಿಲ್ಲ. ಮರುದಿನದಿಂದ ದೀಪ ಆರಲಿಲ್ಲ. "ಆಕಿ ಹೂಂ ಅಂದಾಳೋ," ಎನ್ನುತ್ತ ಕಾಕಾ ಗಡ್ಡ ಬೋಳಿಸಿಕೊಂಡು ಬಂದ. ನೆರೆಮನೆಯ ಅಜ್ಜಿ, "ಏನಪಾ ಮದುಮಗನ, ಮೀಸಿಗೂ ಬಣ್ಣ ಹಚ್ಚೀಯೇನು?" ಎಂದು ಕೆಣಕಿದರೆ ನಕ್ಕ.

ಆ ನಗು ನೋಡಿ ನನಗೆ ಭಯವಾಯಿತು. ಹೊಸ ಕಾಕಿ, ಅವಳ ಕೂಸು — ನಡುವೆ ನನ್ನ ಕಾಲೇಜಿಗೆ ದುಡ್ಡೆಲ್ಲಿ? ಟೇಪಿನೊಳಗಿನ ಗಂಟು ಸಡಿಲಿಸಿದೆ. ಸೈಕಲ್ ಸ್ಟ್ಯಾಂಡಿಗೆ ಹಾಕಿ, ಪೆಡಲ್ ತಿರುಗಿಸುತ್ತ ಹ್ಯಾಂಡಲ್ ಹೊರಳಿಸಿ ನೋಡಿದೆ. ಆರಿತು. ಮತ್ತೆ ನೀಟಾಗಿ ಬಣ್ಣ ಬಳಿದೆ.

ಗುತ್ತಲಕ್ಕೆ ಬೇಡವೆಂಬ ಮಾತು ಹೋಯಿತು.

ಒಂದು ಸಂಜೆ ಹಿಂದಿನ ಕ್ಯಾರಿಯರ್ ಮೇಲೆ ಕೂತು ಬಂದೆ. ತಿರುವಿನಲ್ಲಿ ದೀಪ ಆರಿತು. ಕಾಕಾ ಇಳಿದು, ಬಾವಿಯ ಕಡೆ ಮುಖ ಮಾಡಿ, ಮನೆಯೊಳಗೆ ಬಂದವನಂತೆ ಹೇಳಿದ: "ತಡಾ ಆತು. ಹುಡುಗನೂ ಬಂದಾನ ನೋಡು." ಬಾವಿಯೊಳಗೆ ನೀರು ಅಲುಗಿದ ಸದ್ದು. ಕಪ್ಪೆ ಇರಬೇಕು — ಆ ಗಂಟು ಸಡಿಲಿಸಿದವನು ನಾನೇ ಎಂದು ಗೊತ್ತಿದ್ದೂ, ಬಗ್ಗಿ ನೋಡಲು ನನ್ನಿಂದಾಗಲಿಲ್ಲ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಬೆವರು ಸುರಿಸಿ ಓದಿದ್ದೇನೆ. ಆ ಹೆಮ್ಮೆ ಸುಳ್ಳಲ್ಲ. ಆದರೆ ಅದಕ್ಕಾಗಿ ಒಬ್ಬ ಮನುಷ್ಯನ ಸಂಸಾರವನ್ನೇ ಕೆಡಿಸಿದೆನಲ್ಲ — ಹಾವೇರಿಯಲ್ಲಿ ನೌಕರಿ ಹಿಡಿದು ಇಷ್ಟು ವರ್ಷವಾದರೂ ಸರ್ಟಿಫಿಕೇಟನ್ನು ಕಾಕಾನ ಕೈಗೆ ಕೊಡಲಾಗಿರಲಿಲ್ಲ.

ಹೋದ ವಾರ ಊರಿಗೆ ಹೋಗಿ ಕೊಟ್ಟೆ. ವಾಯರಿನ ಮಾತು, ಗಂಟಿನ ಮಾತು, ಎಲ್ಲ ಹೇಳಿದೆ. ಕಾಕಾ ಸರ್ಟಿಫಿಕೇಟಿನ ಮೇಲೆ ಅಂಗೈ ಆಡಿಸಿದ. ಬೈಯಲಿಲ್ಲ. ಬಾವಿಯ ದಿಕ್ಕಿಗೆ ತಿರುಗಿ ಕೇಳಿದ:

"ಖರೇ ಇರಬೇಕಪಾ. ಆದ್ರ ಇದನ್ನ... ಆಕೀಗೆ ಹೆಂಗ ಹೇಳ್ಲಿ?"