ರೆಕಾರ್ಡ್ ಆಗದ ಅಡುಗೆ

ನನ್ನ ಗಂಡನ ಕೆಲಸ ಹೋದ ಮೇಲೆ ಈ ಪರದೇಶದ ಫ್ಲೋರಲ್ ಪಾರ್ಕ್ ಊರಿನ ನಮ್ಮ ಮನೆಯಲ್ಲಿ ಕೇಬಲ್ ತೆಗೆಸಿದೆವು. ಕಿಟಕಿಗೆ ಆಂಟೆನಾ ಕಟ್ಟಿ, ಬಿಟ್ಟಿ ಬರುವ ಚಾನೆಲ್‌ಗಳನ್ನು ಕಂಪ್ಯೂಟರ್‌ನಲ್ಲೇ ನೋಡುತ್ತಿದ್ದೆವು, ಬೇಕಾದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಆ ದಿನಗಳಲ್ಲೇ, ಇಲ್ಲಿಂದ ಒಂದೆರಡು ಗಂಟೆ ದಾರಿಯ ಮಾರಿಸ್‌ಟೌನ್‌ನಲ್ಲಿದ್ದ ಮೈದುನನ ಹೆಂಡತಿ ಟಿವಿಯಲ್ಲಿ ಅಡುಗೆ ಮಾಡಿ ತೋರಿಸುತ್ತಾಳೆಂದು ಗೊತ್ತಾಯಿತು. ದೊಡ್ಡ ಮನೆ, ಗಂಡನಿಗೆ ಭದ್ರವಾದ ಕೆಲಸ, ಈಗ ಇದೂ ಅವಳಿಗೇ. ಆ ವಾರ ನನಗೆ ಊಟ ರುಚಿಸಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ಅತ್ತೆ ನಮ್ಮಲ್ಲೇ ಇದ್ದರು. "ಮರೀದೆ ರೆಕಾರ್ಡ್ ಮಾಡಮ್ಮ, ಊರಲ್ಲಿ ಎಲ್ಲರಿಗೂ ತೋರಿಸ್ಬೇಕು," ಎಂದರು. ಹಿಂದಿನ ದಿನವೇ ಸೆಟ್ ಮಾಡಿಟ್ಟೆ. ಕಾರ್ಯಕ್ರಮ ಶುರುವಾಗುತ್ತಿದ್ದಂತೆ, ಇದನ್ನು ರೆಕಾರ್ಡ್ ಮಾಡಲು ಚಾನೆಲ್‌ನವರ ಅನುಮತಿ ಇಲ್ಲವೆಂಬ ಸಾಲು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿತು. ಮತ್ತೆ ಮತ್ತೆ ಒತ್ತಿದರೂ ಅದೇ.

"ಬಿಟ್ಟಿ ಬರೋದನ್ನ ಇಟ್ಕೋಬೇಡ ಅಂತ ಯಾರಮ್ಮ ಹೇಳ್ತಾರೆ? ನಿನಗೇ ಇಷ್ಟ ಇರಲಿಲ್ಲ, ಹಾಗನ್ನು," ಎಂದರು ಅತ್ತೆ.

"ನಾನೇನೂ ಮಾಡಿಲ್ಲ ಅತ್ತೆ."

ಗಂಡ ಆ ಸಾಲನ್ನು ಓದಿ ಹೇಳಿದರೂ ಅತ್ತೆ ನಂಬಲಿಲ್ಲ. ನನ್ನ ಹೊಟ್ಟೆಕಿಚ್ಚು ಅವರಿಗೆ ಮೊದಲೇ ಕಂಡಿತ್ತು.

ಓರಗಿತ್ತಿಯ ಮನೆಯ ಹಳೆಯ ವಿಸಿಆರ್‌ಗೆ ಅಂಥ ತಡೆಯೆಲ್ಲ ತಿಳಿಯುತ್ತಿರಲಿಲ್ಲ. ಅವಳು ಟೇಪ್ ಮಾಡಿಕೊಂಡಿದ್ದಳು. ಭಾನುವಾರ ಅತ್ತೆಯನ್ನು ಅವಳ ಮನೆಗೆ ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ. ಎಲ್ಲರೂ ಸೋಫಾದಲ್ಲಿ ಕೂತು ನೋಡಿದೆವು.

"ಹೇಗಿದೆ ಅಕ್ಕ?" ಎಂದು ಅವಳು ನನ್ನನ್ನೇ ಕೇಳಿದಳು.

"ಚೆನ್ನಾಗಿದೆ," ಎಂದೆ. ನಿಜಕ್ಕೂ ಚೆನ್ನಾಗಿತ್ತು. ನನಗೆ ಉರಿದದ್ದು ಅದಕ್ಕೇ.