ಒಂದೇ ದಿನ ಮುದ್ರೆ ಬಿದ್ದ ಆರು ಟಿಕೆಟ್

ಕತ್ತರಿ ಚಿಕ್ಕಮ್ಮ ಎಂದರೆ ಅವಳ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವ ಹೆಂಗಸು. ಆರು ಅಂಗಿ ಒಪ್ಪಿಕೊಂಡರೆ ಆರನ್ನೂ ಒಂದೇ ಬೆಳಿಗ್ಗೆ ಕತ್ತರಿಸಿಟ್ಟು, ಆಮೇಲೆ ದಿನಕ್ಕೊಂದರಂತೆ ಹೊಲಿಯುವುದು ಅವಳ ಪದ್ಧತಿ. ಆ ಪದ್ಧತಿಯನ್ನು ಅಲ್ಲೇ ಬಿಟ್ಟು ದೊಡ್ಡ ನಗರಕ್ಕೆ ಬಂದಿದ್ದರೆ ಚೆನ್ನಾಗಿತ್ತು!

ನಗರದ ಆಸ್ಪತ್ರೆಯಲ್ಲಿ ಅವಳ ಅಕ್ಕನಿಗೆ ಹೃದಯದ ಆಪರೇಷನ್. ತಾಯಿ ತೀರಿಕೊಂಡ ಮೇಲೆ ತಾಯಿಯಂತೆ ಸಾಕಿದ ಅಕ್ಕ. ಚಿಕ್ಕಮ್ಮ ಬಂದಿಳಿದ ಸಂಜೆಯೇ ಅಕ್ಕ ಕೈ ಹಿಡಿದು, "ನಾಳೆ ಒಂಬತ್ತಕ್ಕೆ ಕರ್ಕೊಂಡು ಹೋಗ್ತಾರೆ. ನಿನ್ನ ಮುಖ ನೋಡ್ದೆ ಒಳಗೆ ಹೋಗಕ್ಕೆ ಭಯ ಆಗುತ್ತೆ ಕಣೇ" ಎಂದಿದ್ದಳು.

ಅದಕ್ಕೂ ಮುಂಚೆ ನಿಲ್ದಾಣದ ಕೌಂಟರಿನವನು, ವಾರದ ಪಾಸ್ ಅಗ್ಗ, ಅದನ್ನೇ ತಗೊಳ್ಳಿ ಎಂದು ಬಡಕೊಂಡಿದ್ದ. ಚಿಕ್ಕಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಾನಿರೋದು ಆರೇ ದಿನ. ಏಳನೇ ದಿನದ ದುಡ್ಡು ಯಾಕಪ್ಪಾ ದಂಡ?" ಎಂದು ಆರು ದಿನದ ಟಿಕೆಟ್ ಬಿಡಿಬಿಡಿಯಾಗಿ ಕೊಂಡಳು. ಬಸ್ಸಿನ ಬಾಗಿಲಲ್ಲಿ, ಟಿಕೆಟ್ ಬಳಸುವ ದಿನ ಅದಕ್ಕೆ ಆ ತಾರೀಖಿನ ಮುದ್ರೆ ಒತ್ತಿಕೊಳ್ಳುವ ಯಂತ್ರವಿತ್ತು. ದಿನಾ ಯಾರು ಒತ್ತುತ್ತಾ ಕೂರುತ್ತಾರೆ? ಆರನ್ನೂ ಒಂದರ ಹಿಂದೊಂದು ತೂರಿಸಿ, ಒಂದು ಕೆಲಸ ಮುಗಿಯಿತು ಎಂದು ಹಾಯಾಗಿ ಕೂತಳು.

ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಬಸ್ಸಿನಲ್ಲಿ ತಪಾಸಣೆಯ ಹೆಂಗಸು ಟಿಕೆಟ್ ತಿರುಗಿಸಿ ನೋಡಿ ಮುಖ ಗಂಟಿಕ್ಕಿದಳು.

"ಇದು ನಿನ್ನೆ ತಾರೀಖಿಂದು."

"ಇನ್ನೂ ಐದಿದೆ ನೋಡಿ ಮೇಡಂ."

"ಎಲ್ಲಾ ನಿನ್ನೇದೇ! ಯಾಕಮ್ಮಾ ಎಲ್ಲಾದಕ್ಕೂ ಒಂದೇ ದಿನ ಒತ್ತಿದ್ರಿ?"

"ಒಟ್ಟಿಗೇ ಮುಗಿಸೋಣ ಅಂತ..."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಮುಂದಿನ ಸ್ಟಾಪಿನಲ್ಲಿ ಇಳಿದು ಕಚೇರಿಗೆ ಬರಬೇಕು ಎಂದು ಅವಳು ಹೇಳಿದಾಗ ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡಳು. "ಎಷ್ಟು ದಂಡ ಬೇಕಾದ್ರೂ ಹಾಕಿ ಮೇಡಂ. ಒಂಬತ್ತಕ್ಕೆ ನಮ್ಮಕ್ಕನ್ನ ಆಪರೇಷನ್‌ಗೆ ಕರ್ಕೊಂಡು ಹೋಗ್ತಾರೆ. ಅವಳ ಮುಖ ನೋಡ್ಕೊಂಡು ನಾನೇ ಬರ್ತೀನಿ" ಎಂದು ಅತ್ತೇಬಿಟ್ಟಳು.

ಆ ಹೆಂಗಸು ಗಡಿಯಾರ ನೋಡಿದಳು. "ಆಸ್ಪತ್ರೆಗೆ ಇನ್ನೊಂದು ಬಸ್ ಬದಲಾಯಿಸ್ಬೇಕು. ಅಲ್ಲೂ ಹಿಡೀತಾರೆ. ಬನ್ನಿ, ನಾನೂ ಬರ್ತೀನಿ."

ಬಂದಳು ಕೂಡ, ಆಸ್ಪತ್ರೆಯ ಗೇಟಿನ ತನಕ. ದಾರಿಯುದ್ದಕ್ಕೂ ವಾರದ ಪಾಸ್ ಯಾಕೆ ಕೊಳ್ಳಲಿಲ್ಲವೆಂದು ಬೈದದ್ದೂ ನಿಜವೇ. ಚಿಕ್ಕಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿದಾಗ ಅಕ್ಕನ ಗಾಲಿ ಮಂಚ ಆಗಲೇ ಲಿಫ್ಟಿನ ಬಳಿಯಿತ್ತು. ಅಕ್ಕ ಅವಳ ಕೆನ್ನೆ ಮುಟ್ಟಿ, "ಬಂದ್ಯಾ? ಇನ್ನು ಪರವಾಗಿಲ್ಲ" ಎಂದು ನಗುನಗುತ್ತಲೇ ಒಳಗೆ ಹೋದಳು.

ಆ ಭರದಲ್ಲಿ ಚಿಕ್ಕಮ್ಮ ತಪಾಸಣೆಯ ಪುಣ್ಯಾತ್ಗಿತ್ತಿಗೆ ಉಪಕಾರವಾಯಿತು ಎಂಬ ಒಂದು ಮಾತೂ ಹೇಳಿರಲಿಲ್ಲ. ಮೂರು ದಿನ ಹತ್ತಿದ ಬಸ್ಸಿನಲ್ಲೆಲ್ಲ ಆ ಮುಖ ಹುಡುಕಿದಳು. ನಾಲ್ಕನೇ ದಿನ ಸಿಕ್ಕಳು. ಚಿಕ್ಕಮ್ಮ ಚಾಚಿದ ವಾರದ ಪಾಸನ್ನು ಅವಳು ನೋಡಲೇ ಇಲ್ಲ.

"ಅಕ್ಕ ಹೇಗಿದಾರೆ?"

"ಎದ್ದು ಕೂತಿದಾಳೆ. ತಲೆ ಬಾಚಿಲ್ಲ ಅಂತ ನನಗೇ ಬೈತಾಳೆ! ನಿಮ್ಮ ಉಪಕಾರ ಬದುಕಿರೋ ತನಕ ಮರೆಯಲ್ಲ ಮೇಡಂ."

"ನಮ್ಮಮ್ಮಂಗೂ ಅದೇ ಆಪರೇಷನ್ ಆಯ್ತು" ಎಂದಳು ಅವಳು, ಮೆಲ್ಲಗೆ. "ಡ್ಯೂಟಿ ಮುಗಿಸ್ಕೊಂಡು ಹೋದ್ರಾಯ್ತು ಅಂದ್ಕೊಂಡೆ. ಒಬ್ಬಳೇ ಒಳಗೆ ಹೋದ್ಲು. ವಾಪಸ್ ಬರ್ಲಿಲ್ಲ."

ಚಿಕ್ಕಮ್ಮ ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. "ಕೂತ್ಕೋ ಮಗಳೇ" ಎಂದಳು. ಅವಳು ಕೂತಳು.