ಮೊದಲು ಹಾಕಿದ ಮಗ್ಗದ ಕಟ್ಟೆ

ಬನಹಟ್ಟಿಯಲ್ಲಿ ತಮ್ಮನೂ ನಾನೂ ಕೂಡಿ ಮನೆ ಕಟ್ಟಿಸಿದಾಗ ಕೆಲಸದ ವೇಳಾಪಟ್ಟಿ ಬರೆದವನು ನಾನೇ. ಜಮಖಂಡಿಯ ಶಾಲೆಯಲ್ಲಿ ಮೂವತ್ತು ವರ್ಷ ಗಂಟೆಯ ಪ್ರಕಾರ ಪಾಠ ನಡೆಸಿದವನಿಗೆ ಬೇರೆ ರೀತಿ ತಿಳಿಯದು. ಪಾಯ, ಗೋಡೆ, ಸ್ಲ್ಯಾಬು, ಗಿಲಾವು, ಕೊನೆಗೆ ನೆಲ. ಎಲ್ಲವೂ ಯುಗಾದಿಯೊಳಗೆ ಆಗಬೇಕಿತ್ತು. ತಮ್ಮನ ನಾಲ್ಕು ಪವರ್‌ಲೂಮುಗಳು ಬಾಡಿಗೆ ಶೆಡ್ಡಿನಲ್ಲಿದ್ದವು. ಯುಗಾದಿಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಮದುವೆಯ ದಿನಗಳಲ್ಲಿ ಮಗ್ಗ ನಿಂತರೆ ಸೀರೆ ವ್ಯಾಪಾರಿಗಳು ಬೇರೆ ನೇಕಾರರನ್ನು ನೋಡಿಕೊಳ್ಳುತ್ತಾರೆ.

ಮನೆ ಕಟ್ಟಲು ಒಪ್ಪಿಕೊಂಡಿದ್ದ ಲೋಕಾಪುರದ ಗೌಂಡಿ ನನ್ನ ಹಾಳೆಯನ್ನು ಪೂರ್ತಿ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡ. ಪಾಯ ಮುಗಿದ ಮರುದಿನ ಗೋಡೆ ಎತ್ತುವ ಬದಲು, ಮಗ್ಗದ ಕೋಣೆಯಾಗಬೇಕಾದ ಜಾಗದಲ್ಲಿ ಕುಣಿ ತೋಡಿಸಿದ. ಮಗ್ಗಗಳನ್ನು ಬಿಗಿಯುವ ಕಾಂಕ್ರೀಟ್ ಕಟ್ಟೆಗಳನ್ನು ಮೊದಲೇ ಹಾಕುವ ವಿಚಾರ ಅವನದು. ಹಾಳೆಯಲ್ಲಿ ಹೀಗಿಲ್ಲವಲ್ಲ ಎಂದು ನಾನು ಸಿಟ್ಟಾದೆ.

"ಗ್ವಾಡಿ ಎಷ್ಟ ಜಲ್ದಿ ಅಂತೀರಿ ಅಷ್ಟ ಜಲ್ದಿ ಏರಸ್ತೀನ್ರಿ ಸರ. ಸಿಮೆಂಟಿಗೆ ಜಲ್ದಿ ಮಾಡು ಅನ್ನಾಕ ಬರಂಗಿಲ್ಲ. ಅದು ನೀರ ಕುಡಕೋಂತ ಕುಂದರ್ಲಿ, ನಾವು ಸುತ್ತ ಮನಿ ಕಟ್ಟೂಣು."

ಮೂರು ಕಟ್ಟೆಗಳಾದವು. ನಾಲ್ಕನೆಯದಕ್ಕೆ ಹೊತ್ತು ಮುಳುಗುತ್ತ ಬಂದಿತ್ತು. ಇವತ್ತೇ ಮುಗಿಸು ಎಂದು ನಾನು ಹಟ ಹಿಡಿದೆ. ಬೆಳಿಗ್ಗೆ ಅಳತೆ ಹಿಡಿದರೆ, ಮಗ್ಗ ಬಿಗಿಯಲು ಕಾಂಕ್ರೀಟಿನಲ್ಲಿ ಹುಗಿದಿದ್ದ ಒಂದು ಬೋಲ್ಟು ಬೆರಳಗಲ ಸರಿದಿತ್ತು. ಮಗ್ಗದ ಕಾಲಿನ ತೂತು ದೊಡ್ಡದು ಮಾಡಿದರಾಯಿತು ಎಂದೆ. ಗೌಂಡಿ ದೊಡ್ಡ ಸುತ್ತಿಗೆ ತರಿಸಿದ.

"ದಿನಾ ಹನ್ನೆರಡು ತಾಸು ಕುಣಿಯೂ ಮಶೀನ್ರಿ ಇದು. ವಾರೆ ಕುಂತ್ರ ತನ್ನ ಜೋಡಿ ಮನಿಮಂದಿನೆಲ್ಲಾ ಕುಣಸ್ತೈತಿ."

ಅವಸರ ಯಾರದಾಗಿತ್ತು ಎಂಬ ಮಾತನ್ನು ಮಾತ್ರ ಅವನು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಒಡೆಯುವಾಗ ಬೋಲ್ಟುಗಳು ಬಾಗಿದವು. ಮುಧೋಳದ ಲೇಥಿನವನು ಇಂದು ನಾಳೆ ಎಂದು ಸತಾಯಿಸಿ ಹೊಸವನ್ನು ಕೊಡುವಷ್ಟರಲ್ಲಿ ಗೋಡೆಗಳು ಎದ್ದು ಸ್ಲ್ಯಾಬೂ ಹಾಕಿ ಆಗಿತ್ತು.

ಅಂಥ ವೇಗವನ್ನು ನಾನು ಕಂಡಿರಲಿಲ್ಲ. ಇಟ್ಟಿಗೆಗಳನ್ನು ಗೌಂಡಿ ಹಿಂದಿನ ಸಂಜೆಯೇ ನೆನೆಸಿಡುತ್ತಿದ್ದ. ಆಳುಗಳು ಬರುವ ಮೊದಲೇ ದಾರ ಕಟ್ಟಿ ನಿಂತಿರುತ್ತಿದ್ದ. ಆದರೂ ಅವನು ಓಡಾಡಿದ್ದನ್ನು ಯಾರೂ ನೋಡಿಲ್ಲ. ನಡುನಡುವೆ ಮಗ್ಗದ ಕಟ್ಟೆಗಳ ಮೇಲೆ ತೇವಕ್ಕೆಂದು ಹರವಿದ ಕಬ್ಬಿನ ಗರಿಯ ರವದಿ ಒಣಗಿದೆಯೇ ಎಂದು ಮುಟ್ಟಿ ನೋಡಿ ನೀರು ಹಾಕಿಸುತ್ತಿದ್ದ.

ಯುಗಾದಿಯ ಹಿಂದಿನ ದಿನ ಮೂರು ಮಗ್ಗಗಳು ತಮ್ಮ ಕಟ್ಟೆ ಏರಿದವು. ಹೊಸ ಬೋಲ್ಟು ಬಂದ ಮೇಲೆ ಮತ್ತೆ ಹಾಕಿದ್ದ ನಾಲ್ಕನೆಯ ಕಟ್ಟೆಗೆ ಇನ್ನೂ ಎರಡು ವಾರ ಬೇಕಿತ್ತು. ಮೇಲೆ ಗಟ್ಟಿಯಾಗಿದೆ, ಅದನ್ನೂ ಬಿಗಿದುಬಿಡೋಣ ಎಂದು ತಮ್ಮ ನನ್ನ ಮುಖ ನೋಡಿದ. ನಾನು ಗೌಂಡಿಯ ಕಿಸೆಯಲ್ಲಿದ್ದ ಹಾಳೆ ಇಸಿದುಕೊಂಡು ಕೆಳಗೆ ಒಂದು ಸಾಲು ಸೇರಿಸಿದೆ: ನಾಲ್ಕನೆಯ ಕಟ್ಟೆಗೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರು.

"ಈಗ ಪಟ್ಟಿ ಬರೋಬರಿ ಆತು ನೋಡ್ರಿ ಸರ," ಎಂದ ಗೌಂಡಿ.

ಮೂರು ಮಗ್ಗಗಳ ಸೀರೆಗೇ ವ್ಯಾಪಾರಿಗಳು ಒಪ್ಪಿದರು. ಎರಡು ವಾರ ಒಂದು ಹೊತ್ತೂ ತಪ್ಪಿಸದೆ ನಾನೇ ನೀರು ಹಾಕಿದೆ. ನಾಲ್ಕನೆಯ ಮಗ್ಗ ಶುರುವಾದ ದಿನ ಗೌಂಡಿ ಬಂದು, ಗೋಡೆಗೆ ಅಂಗೈ ಊರಿ ಅದು ನಡುಗುತ್ತದೆಯೇ ಎಂದು ನೋಡಿದ. ಆಮೇಲೆ ಚಹಾ ಕೇಳಿದ.